ಮನೆವಾರ್ತೆ: ಸೌರಫಲಕದ ಬೋಲ್ಟೂ ತಾರಸಿಯ ತೂತೂ

ಮೈಸೂರಿನ ಹೂಟಗಳ್ಳಿಯಲ್ಲಿ ಕೈಗಾರಿಕಾ ಪ್ರದೇಶದ ತಗಡಿನ ಮಾಡುಗಳೂ ಗೃಹಮಂಡಳಿಯ ಬಡಾವಣೆಯ ಕಾಂಕ್ರೀಟು ತಾರಸಿಗಳೂ ಒಂದರ ಮಗ್ಗುಲಲ್ಲಿ ಒಂದು ನಿಂತಿರುವುವು. ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನುಂಟುಮಾಡುವ ಫಲಕಗಳು ಈಗ ಈ ಎರಡು ಬಗೆಯ ಸೂರುಗಳ ಮೇಲೂ ಏರತೊಡಗಿವೆ. ೨೦೨೪ನೆಯ ಇಸವಿಯ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರದವರು ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯನ್ನು ಹೊರಡಿಸಿ, ಮೂರು ಕಿಲೋವಾಟಿಗೂ ಅದಕ್ಕೆ ಮೇಲ್ಪಟ್ಟುದಕ್ಕೂ ೭೮,೦೦೦ ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿದ ಮೇಲಂತೂ, “ನಾವೂ ಹಾಕಿಸೋಣವೇ” ಎಂಬ ಮಾತು ಊಟದ ಹೊತ್ತಿನಲ್ಲಿ ಏಳದ ಮನೆ ವಿರಳ. ಹಾಕಿಸಲು ಹೊರಟವರು ಫಲಕದ ಹೆಸರನ್ನು ವಿಚಾರಿಸುವರು, ಬೆಲೆಯನ್ನು ಚೌಕಾಶಿಮಾಡುವರು, ತಿಂಗಳಿಗೆ ಎಷ್ಟು ಯೂನಿಟ್ಟೆಂದು ಬೆರಳೆಣಿಸುವರು. ಆ ಫಲಕವನ್ನು ಸೂರಿಗೆ ಯಾವುದರಿಂದ ಬಿಗಿಯುವಿರಿ, ಬಿಗಿದ ತೂತನ್ನು ಯಾವುದರಿಂದ ಮುಚ್ಚುವಿರಿ ಎಂದು ಕೇಳುವವರು ಮಾತ್ರ ಅಪರೂಪ. ಫಲಕದ ಬಾಳಿಕೆಗೆ ೨೫ ವರ್ಷಗಳ ಭರವಸೆಯನ್ನು ಬರೆದುಕೊಡುವರು. ಅಷ್ಟು ವರ್ಷವೂ ಕೆಳಗಿನ ಕೋಣೆ ಸೋರದಿರುವುದು ಕೆಲವು ಬೋಲ್ಟುಗಳ ಮತ್ತು ಒಂದೆರಡು ಕೊಳವೆ ಅಂಟಿನ ಕೈಯಲ್ಲಿರುವುದು.

ಬಿಸಿನೀರಿನ ಸೌರಯಂತ್ರವು ಮೈಸೂರಿನ ತಾರಸಿಗಳಿಗೆ ಹೊಸದಲ್ಲ. ಅದನ್ನು ಕಂಡು ಪಳಗಿದ ಕಣ್ಣಿಗೆ ಇದೂ ಅಂತಹುದೇ ಎಂದು ತೋರುವುದು ಸಹಜ. ಆದರೆ ಅದರ ನೆತ್ತಿಯಲ್ಲಿ ನೂರೋ ಇನ್ನೂರೋ ಲೀಟರು ನೀರು ಕುಳಿತು, ಆ ಭಾರವೇ ಅದನ್ನು ಅದುಮಿ ಹಿಡಿದಿರುವುದು. ವಿದ್ಯುತ್ತಿನ ಫಲಕವು ಹಾಗಲ್ಲ. ಈಗ ರೂಢಿಯಲ್ಲಿರುವ ೫೪೦ ವಾಟಿನ ಫಲಕವೊಂದು ಸುಮಾರು ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ. ತೂಕ ೨೮ ಕಿಲೋದ ಆಸುಪಾಸು. ಗಾಳಿಗೆ ಎದುರಾಗಿ ಹಿಡಿದ ಮೊರವೆಂದರೆ ಇದೇ. ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ಗೊತ್ತುಮಾಡಿರುವ ಗಾಳಿಯ ಮೂಲವೇಗವು ಸೆಕೆಂಡಿಗೆ ೩೩ ಮೀಟರು. ನಮ್ಮ ಒಳನಾಡಿಗೆ ಅದನ್ನೇ ಅಳತೆಗೋಲಾಗಿಟ್ಟುಕೊಂಡರೆ, ಆ ಗಾಳಿ ಒಂದು ಚದರ ಮೀಟರಿನ ಮೇಲೆ ೬೬ ಕಿಲೋ ತೂಕದಷ್ಟು ಬಲವನ್ನು ಹಾಕುವುದು. ಅದು ಫಲಕದ ಅಡಿಗೆ ಹೊಕ್ಕು ಮೇಲಕ್ಕೆತ್ತಿದರೆ ಎಳೆತ ೧೭೦ ಕಿಲೋ ಆಯಿತು. ಇದು ಒರಟು ಲೆಕ್ಕ. ಮನೆಯ ಎತ್ತರ, ಫಲಕದ ಓರೆ, ತಾರಸಿಯ ಅಂಚು ಎಷ್ಟು ದೂರ ಎಂಬುದನ್ನೆಲ್ಲ ನೋಡಿ ಇಂಜಿನಿಯರು ಕೂಡಿಸಿ ಕಳೆಯುವರು. ಆದರೂ ಇಷ್ಟು ಮಾತ್ರ ಸ್ಪಷ್ಟ: ಬೋಲ್ಟಿನ ಕೆಲಸ ಫಲಕವನ್ನು ಹೊರುವುದಲ್ಲ, ಹಾರಗೊಡದೆ ಹಿಡಿಯುವುದು. ಅಶ್ವಿನಿ ಭರಣಿ ಮಳೆಗಳ ಮುಂದೆ ಧೂಳೆಬ್ಬಿಸಿಕೊಂಡು ಬರುವ ಬಿರುಗಾಳಿಗೆ ಕಿತ್ತ ಫಲಕವು ಬೀದಿಯಲ್ಲಿ ಆಡುವ ಮಕ್ಕಳ ಮೇಲೆ ಬೀಳಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಳಗೆ ಬಟ್ಟೆ ಹರವಲು, ಸಂಡಿಗೆ ಇಡಲು ಸ್ಥಳ ಬೇಕೆಂದು ಫಲಕಗಳನ್ನು ಎಂಟಡಿಯ ಕಂಬಗಳ ಮೇಲೆ ಕೂರಿಸುವ ಚಾಳಿ ಈಚೆಗೆ ಹಬ್ಬಿದೆ. ಸಂಡಿಗೆಗೆ ಬಿಸಿಲು ಬೇಕು, ಫಲಕದ ಕೆಳಗಿರುವುದು ನೆರಳು. ಆ ಮಾತು ಹಾಗಿರಲಿ. ಕಂಬ ಎತ್ತರವಾದಷ್ಟೂ ಅದರ ಬುಡದ ಬೋಲ್ಟಿನ ಮೇಲೆ ಮೀಟುವ ಬಲ ಹೆಚ್ಚುವುದು. ಮೈಸೂರು ಹನ್ನೆರಡು ಡಿಗ್ರಿ ಅಕ್ಷಾಂಶದ ಊರಾದುದರಿಂದ ದಕ್ಷಿಣಕ್ಕೆ ಅಷ್ಟೇ ಓರೆ ಕೊಟ್ಟು, ತಾರಸಿಗೆ ತಗ್ಗಾಗಿ ಕೂರಿಸಿದ ಫಲಕವೇ ಮೇಲೆಂದು ನಮ್ಮ ಅಭಿಪ್ರಾಯ.

ಇನ್ನು ತಾರಸಿಯ ವಿಚಾರ. ನಮ್ಮ ಕಾಲಿಗೆ ತಗಲುವ ಮೇಲ್ಪದರವೇ ತಾರಸಿಯೆಂದು ತಿಳಿಯಬಾರದು. ಅದು ಮಳೆನೀರು ಹರಿಯಲೆಂದು ವಾಟ ಕೊಟ್ಟು ಹಾಕಿದ ಎರಡು ಮೂರು ಅಂಗುಲದ ಗಾರೆ. ಸರಳುಗಳುಳ್ಳ ನಿಜವಾದ ಕಾಂಕ್ರೀಟು ಹಾಸು ಅದರ ಅಡಿಯಲ್ಲಿ ನಾಲ್ಕೈದು ಅಂಗುಲ ಮಾತ್ರ. ಗಾರೆಯಲ್ಲಿಯೇ ನಿಂತ ಬೋಲ್ಟು ಉಪ್ಪಿಟ್ಟಿನಲ್ಲಿ ನೆಟ್ಟ ಕಡ್ಡಿಯಂತೆ, ಎಳೆದರೆ ಬರುವುದು. ಅದನ್ನು ದಾಟಿಸಿ ಹಾಸಿಗೆ ಇಳಿಸಿದರೆ ಹಿಡಿತ ಸಿಕ್ಕುವುದು ನಿಜ, ಆದರೆ ನೀರನ್ನು ತಡೆಯುವ ಪದರವೂ ಅಲ್ಲಿ ಹರಿಯುವುದು. ಆದುದರಿಂದ ಎಲ್ಲಕ್ಕಿಂತ ಒಳ್ಳೆಯ ತೂತೆಂದರೆ ಕೊರೆಯದಿರುವ ತೂತು. ಕಾಂಕ್ರೀಟಿನ ದಿಮ್ಮಿಗಳನ್ನು ತಾರಸಿಯ ಮೇಲಿಟ್ಟು, ಅವುಗಳಲ್ಲಿ ಮೊದಲೇ ಎರಕದಲ್ಲಿ ಕೂರಿಸಿದ ಬೋಲ್ಟುಗಳಿಗೆ ಕಾಲುಗಳನ್ನು ಬಿಗಿಯುವುದು ಈ ಮಾರ್ಗ. ಒಂದು ಘನ ಅಡಿ ಕಾಂಕ್ರೀಟು ಸುಮಾರು ೬೮ ಕಿಲೋ ತೂಗುವುದು. ಮೇಲಿನ ಒರಟು ಲೆಕ್ಕದಂತೆ, ಫಲಕದ ಸ್ವಂತ ತೂಕವನ್ನು ಕಳೆದು, ಆರು ಫಲಕಗಳಿಗೆ ಹನ್ನೆರಡು ಹದಿಮೂರು ದಿಮ್ಮಿಗಳಾದರೂ ಬೇಕಾಗುವುವು. ನಾಲ್ಕು ದಿಮ್ಮಿಗಳಲ್ಲಿ ಮುಗಿಸುವೆನೆಂದು ಬಂದವರನ್ನು ಲೆಕ್ಕ ಕೇಳತಕ್ಕದ್ದು. ಇಷ್ಟು ಭಾರವನ್ನು ಹಾಸಿನ ನಡುವೆ ಹೇರದೆ ತೊಲೆ ಗೋಡೆಗಳ ನೇರಕ್ಕೆ ಇಡಿಸಬೇಕು. ಪ್ರತಿಯೊಂದರ ಅಡಿಗೂ ರಬ್ಬರಿನ ತುಂಡು ಹಾಸಬೇಕು. ನೀರಿಳಿಯುವ ದಾರಿಯನ್ನು ಬಿಟ್ಟಿರಬೇಕು.

ಭಾರ ಹೊರಲಾರದ ತಾರಸಿಯಾದರೆ ಕೊರೆಯದೆ ಗತಿಯಿಲ್ಲ. ಆಗಲೂ ಆಯ್ಕೆಯುಂಟು. ತೂತಿನೊಳಗೆ ಅಗಲವಾಗಿ ಕಚ್ಚಿಕೊಳ್ಳುವ ಬೋಲ್ಟು ಒಂದು; ಅಂಟಿನಲ್ಲಿ ಕೂರುವ, ಪೇಟೆಯಲ್ಲಿ ಕೆಮಿಕಲ್ ಆಂಕರ್ ಎನ್ನುವ ಬೋಲ್ಟು ಇನ್ನೊಂದು. ಮೊದಲನೆಯದು ಕಾಂಕ್ರೀಟನ್ನು ಒಳಗಿನಿಂದ ತಳ್ಳುವುದರಿಂದ ತೆಳುವಾದ ಹಾಸಿನಲ್ಲಿಯೂ ಅಂಚಿನ ಬಳಿಯಲ್ಲಿಯೂ ಬಿರುಕು ಬಿಡಿಸಬಲ್ಲುದು. ಎರಡನೆಯದಕ್ಕೆ ಆ ದೋಷವಿಲ್ಲ, ಆದರೆ ಅದು ಕೆಲಸಗಾರನ ಸಹನೆಯನ್ನು ಬೇಡುವುದು. ಕೊರೆದ ತೂತನ್ನು ಬುರುಸಿನಿಂದ ಉಜ್ಜಿ, ಊದಿ, ಮತ್ತೆ ಉಜ್ಜಿ, ಮತ್ತೆ ಊದಿ ಧೂಳಿಲ್ಲದಂತೆ ಮಾಡಬೇಕು. ಇಲ್ಲವಾದರೆ ಅಂಟು ಧೂಳಿಗೆ ಅಂಟುವುದೇ ಹೊರತು ಕಾಂಕ್ರೀಟಿಗಲ್ಲ. ಕೊಳವೆಯ ಮೇಲೆ ಅಚ್ಚಾಗಿರುವ ಹೊತ್ತು ಕಳೆಯುವ ತನಕ ನಟ್ಟನ್ನು ಮುಟ್ಟಬಾರದು. ಬೋಲ್ಟು ಕೂತ ಮೇಲೆ ಅದರ ಬುಡದ ಸುತ್ತ ಮೂರು ನಾಲ್ಕು ಅಂಗುಲದ ಗಾರೆಯ ಕಟ್ಟೆಯನ್ನೆಬ್ಬಿಸಿ ನಯಮಾಡಿಸಿದರೆ, ನಿಂತ ನೀರು ತೂತಿನ ಬಾಯಿಯವರೆಗೆ ಏರಲಾರದು. ಮರದ ತೊಲೆಗಳ ಮೇಲೆ ಇಟ್ಟಿಗೆ ಸುಣ್ಣಗಳಿಂದ ಕಟ್ಟಿದ ಹಳೆಯ ಮದರಾಸು ತಾರಸಿಗಂತೂ ಬೈರಿಗೆಯನ್ನು ತೋರಿಸಲೇಕೂಡದು.

ಲೋಹಗಳ ಹೊಂದಿಕೆಯನ್ನು ಗೃಹಿಣಿಯರು ಗಂಡಸರಿಗಿಂತ ಬೇಗ ಗ್ರಹಿಸುವರು. ಕಲಾಯಿಯ ಬೆಲೆ ಅವರಿಗೆ ಗೊತ್ತು. ಕಂಬಗಳ ಉಕ್ಕಿಗೆ ಸತುವಿನ ಲೇಪವಿರುವುದು. ಕರಗಿದ ಸತುವಿನಲ್ಲಿ ಅದ್ದಿ ತೆಗೆದುದು ಸುಮಾರು ೮೦ ಮೈಕ್ರಾನು ದಪ್ಪ. ವಿದ್ಯುತ್ತಿನಿಂದ ಹತ್ತಿಸಿದುದು ಐದರಿಂದ ಹತ್ತು ಮಾತ್ರ. ಎರಡನೆಯದೇ ಹೆಚ್ಚು ಥಳಥಳಿಸುವುದು, ಎರಡನೆಯದೇ ಮೊದಲು ತುಕ್ಕು ಹಿಡಿಯುವುದು. ಅದ್ದಿದ ಕಂಬವನ್ನು ತಾರಸಿಯ ಮೇಲೆ ಕತ್ತರಿಸಿದರೆ ಆ ತುದಿ ಬೆತ್ತಲಾಗುವುದರಿಂದ ಅಲ್ಲಿಗೆ ಸತುವಿನ ಬಣ್ಣವನ್ನು ಹಚ್ಚಿಸತಕ್ಕದ್ದು. ಫಲಕ ಕೂರುವ ಪಟ್ಟಿ ಅಲ್ಯೂಮಿನಿಯಮ್ಮಿನದಾದರೆ ಬೋಲ್ಟು ಸ್ಟೇನ್‌ಲೆಸ್ ಉಕ್ಕಿನದಿರಬೇಕು. ಬೋಲ್ಟಿನ ತಲೆಯ ಮೇಲೆ ಇಂಗ್ಲಿಷಿನಲ್ಲಿ ‘ಎ೨-೭೦’ ಎಂಬ ಗುರುತನ್ನು ಹುಡುಕಿ. ಪೇಟೆಯವರು ೩೦೪ ಎನ್ನುವ ಜಾತಿಯದು. ಮೈಸೂರಿಗೆ ಅದು ಸಾಕು. ಉಪ್ಪುಗಾಳಿಯ ಮಂಗಳೂರು ಕಾಸರಗೋಡಿನ ವಾಚಕರು ೩೧೬ನ್ನು, ಎಂದರೆ ‘ಎ೪’ನ್ನು ಕೇಳಬೇಕು. ಅಯಸ್ಕಾಂತಕ್ಕೆ ಟಪ್ಪನೆ ಅಂಟಿಕೊಳ್ಳುವ ಬೋಲ್ಟು ಈ ಜಾತಿಯದಲ್ಲವೆಂದು ಶಂಕಿಸಬಹುದು. ಅಲ್ಪಸ್ವಲ್ಪ ಎಳೆದರೆ ಶಂಕೆ ಬೇಡ. ಸ್ಟೇನ್‌ಲೆಸ್ ನಟ್ಟನ್ನು ಯಂತ್ರದಿಂದ ಗರಗರನೆ ತಿರುಗಿಸಿದರೆ ಅದು ಕಾದು ನಡುದಾರಿಯಲ್ಲೇ ಕಚ್ಚಿಕೊಳ್ಳುವುದುಂಟು. ಆದುದರಿಂದ ಅದನ್ನು ಕೈಯಿಂದಲೇ ಬಿಗಿಸಿ.

ತೂತು ಮುಚ್ಚುವ ಸೀಲೆಂಟುಗಳಲ್ಲಿ ಸಿಲಿಕೋನು ಎಲ್ಲರಿಗೂ ಪರಿಚಿತ. ಅದರಲ್ಲಿ ಒಂದು ಬಗೆ ಒಣಗುವಾಗ ವಿನಿಗರಿನಂತೆ ಹುಳಿ ವಾಸನೆ ಹೊಡೆಯುವುದು. ಗಾಜಿಗೆ ಅದು ಒಳ್ಳೆಯದು. ಸತುವಿಗೂ ಕಾಂಕ್ರೀಟಿಗೂ ಆಗದು. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಮಜ್ಜಿಗೆಯಿಟ್ಟಂತೆ, ಅದರ ಆಮ್ಲವು ಲೋಹವನ್ನು ತಿನ್ನುವುದು, ಕಾಂಕ್ರೀಟಿನ ಸುಣ್ಣವನ್ನು ಕೆಡಿಸಿ ತಾನೇ ಬಿಟ್ಟುಕೊಳ್ಳುವುದು. ಕೊಳವೆಯ ಮೇಲೆ ‘ನ್ಯೂಟ್ರಲ್’ ಎಂದು ಬರೆದುದನ್ನೇ ತರಿಸಬೇಕು. ಕಾಂಕ್ರೀಟಿಗೆ ಪಾಲಿಯುರೆಥೇನ್ ಇನ್ನೂ ಗಟ್ಟಿಯಾಗಿ ಹಿಡಿಯುವುದು; ಅದಕ್ಕೆ ಬಿಸಿಲು ಶತ್ರುವಾದುದರಿಂದ ಮೇಲೆ ಬಣ್ಣವೋ ಗಾರೆಯೋ ಬೇಕು. ಎರಡು ಉಂಡೆಗಳನ್ನು ಕಲಸಿ ಮೆತ್ತುವ ಗಟ್ಟಿ ಅಂಟು ಕಲ್ಲಾಗಿಬಿಡುವುದು. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಸೂರಿನಲ್ಲಿ ಕಲ್ಲಿಗೆ ಬಿರುಕು ತಪ್ಪಿದ್ದಲ್ಲ. ಆರು ಮೀಟರಿನ ಅಲ್ಯೂಮಿನಿಯಮ್ ಪಟ್ಟಿ ೪೦ ಡಿಗ್ರಿ ಕಾವು ಏರಿದರೆ ಐದೂವರೆ ಮಿಲಿಮೀಟರು ಬೆಳೆಯುವುದು. ಒದ್ದೆಯ ಮೇಲೆ, ಧೂಳಿನ ಮೇಲೆ ಯಾವ ಸೀಲೆಂಟೂ ನಿಲ್ಲದು. ಇವುಗಳಲ್ಲಿ ಯಾವುದೂ ಫಲಕದಷ್ಟು ಕಾಲ ಬಾಳುವುದಿಲ್ಲವಾದುದರಿಂದಲೇ ನಾವು ಕಟ್ಟೆಗೆ ಮೊದಲ ಸ್ಥಾನವನ್ನೂ ಅಂಟಿಗೆ ಎರಡನೆಯದನ್ನೂ ಕೊಟ್ಟುದು.

ತಗಡಿನ ಮಾಡಿನ ಷೆಡ್ಡುಳ್ಳವರಿಗೆ ಕೆಲವು ಮಾತು. ತಿರುಪು ತಗಡನ್ನು ಮಾತ್ರ ಕಚ್ಚಿದರೆ ಸಾಲದು, ಅಡಿಯ ಉಕ್ಕಿನ ಅಡ್ಡಪಟ್ಟಿಗೆ ಇಳಿದಿರಬೇಕು. ನೀರು ಹರಿಯುವ ತಗ್ಗಿನಲ್ಲಿ ಕೊರೆಯದೆ ಉಬ್ಬಿನ ನೆತ್ತಿಯಲ್ಲಿ ಕೊರೆಯಬೇಕು. ತಲೆಯ ಕೆಳಗೆ ಇ.ಪಿ.ಡಿ.ಎಂ. ರಬ್ಬರಿನ ವಾಷರಿದ್ದು, ಅದು ತುಸು ಉಬ್ಬುವಷ್ಟು ಬಿಗಿದರೆ ಸರಿ; ಹೊರಕ್ಕೆ ಚಪ್ಪಟೆಯಾಗಿ ಹಿಂಡಿಬಂದರೆ ಅದು ಸತ್ತಂತೆ. ಈ ರಬ್ಬರಿನ ಮೇಲೆ ಡಾಂಬರನ್ನು ಬಳಿದರೆ ಅದು ಮೆತ್ತಗಾಗಿ ಕೆಡುವುದು. ಆಸ್ಬೆಸ್ಟಾಸ್ ಹಾಳೆಯ ಮಾಡಾದರೆ ಅದರ ಮೇಲೆ ಕಾಲಿಡುವುದೂ ಕೊರೆಯುವುದೂ ಬೇಡ. ಹಾಳೆ ಮುರಿಯುವುದು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಮಂಗಳೂರು ಹೆಂಚಿನ ಮಾಡಿದ್ದವರು ಹೆಂಚನ್ನು ಕೊರೆಯಗೊಡದೆ, ಹೆಂಚೆತ್ತಿ ಕೆಳಗಿನ ಮರಕ್ಕೇ ಬಿಗಿಯುವ ಕೊಕ್ಕೆಗಳನ್ನು ಕೇಳಿಕೊಳ್ಳಲಿ.

ಮುಂಗಡ ಕೊಡುವ ಮೊದಲು, ಫಲಕದ ಹೆಸರಿನ ಕೆಳಗೆಯೇ ಬೋಲ್ಟಿನ ಜಾತಿ, ಸತುವಿನ ದಪ್ಪ, ದಿಮ್ಮಿಗಳ ಸಂಖ್ಯೆ, ಸೀಲೆಂಟಿನ ಹೆಸರು, ಸೋರಿದರೆ ಯಾರು ಸರಿಪಡಿಸುವರು ಎಂಬುದನ್ನು ಬರೆಸಿಕೊಳ್ಳಿ. ಮೊದಲನೆಯ ದೊಡ್ಡ ಮಳೆ ನಿಂತ ಮಾರನೆಯ ಬೆಳಿಗ್ಗೆ, ಫಲಕದ ಕಾಲುಗಳ ನೇರಕ್ಕೆ ಕೋಣೆಯ ಸೂರನ್ನು ಒಳಗಿನಿಂದ ನೋಡಿ. ತೇವದ ಕಲೆಯಿದ್ದರೆ ಅದರ ಚಿತ್ರವನ್ನು ಅಂದೇ ತೆಗೆದು, ತಾರೀಖು ಹಾಕಿ, ಹಾಕಿಸಿದವರಿಗೆ ಕಳುಹಿಸಿ.