ಎರಡು ದಿನದ ಸಿಂಗಾಪುರ: ನಮ್ಮ ಫೋಟೋದಲ್ಲಿ ಬಾರದವರ ಭಾನುವಾರ

ನಾವು ನಾಲ್ವರು ಗೆಳೆಯರು ಒಂದು ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ವಿಮಾನ ಹತ್ತಿ ಶನಿವಾರ ಬೆಳಿಗ್ಗೆ ಸಿಂಗಾಪುರದಲ್ಲಿ ಇಳಿದೆವು. ನಾಲ್ಕೂವರೆ ಗಂಟೆಯ ಹಾದಿ. ನಮ್ಮೂರಿಂದ ಹುಬ್ಬಳ್ಳಿಗೆ ಬಸ್ಸಲ್ಲಿ ಹೋಗುವುದಕ್ಕೆ ಇದರ ಎರಡರಷ್ಟು ಹೊತ್ತು ಬೇಕು. ಭಾನುವಾರ ರಾತ್ರಿ ವಾಪಸ್, ಸೋಮವಾರ ಎಲ್ಲರೂ ಕೆಲಸಕ್ಕೆ ಹಾಜರ್. ಎರಡು ವರ್ಷ ಚೀಟಿ ಹಾಕಿ ಕೂಡಿಸಿದ ದುಡ್ಡು ಅದು.

ಶನಿವಾರ ಪೂರ್ತಿ ಎಲ್ಲರೂ ನೋಡುವುದನ್ನೇ ನೋಡಿದೆವು. ಸಿಂಹದ ತಲೆ, ಮೀನಿನ ಮೈ ಇರುವ ಮೆರ್ಲಯನ್ ಪ್ರತಿಮೆ. ಅದರ ಎದುರಿಗೆ ಮೂರು ಗೋಪುರಗಳ ಮೇಲೆ ಹಡಗು ಇಟ್ಟಂತೆ ಕಾಣುವ ಮರೀನಾ ಬೇ ಸ್ಯಾಂಡ್ಸ್ ಹೋಟೆಲು. ರಾತ್ರಿ ಗಾರ್ಡನ್ಸ್ ಬೈ ದ ಬೇ ತೋಟದಲ್ಲಿ ಕಬ್ಬಿಣದ ದೊಡ್ಡ ದೊಡ್ಡ ಮರಗಳಿಗೆ ಬಣ್ಣದ ದೀಪ ಹತ್ತಿ ಹಾಡಿಗೆ ಕುಣಿಯುವ ಆಟ. ಅದಕ್ಕೆ ಟಿಕೆಟ್ ಇಲ್ಲ. ಫೋಟೋ ತೆಗೆದೆವು, ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆವು. ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ಪಕ್ಕದ ಬೀದಿಯ ಹುಡುಗನ ಮೆಸೇಜು ಬಂತು.

"ಅಣ್ಣಾ, ಅಲ್ಲಿ ಏನಾದ್ರೂ ಕೆಲ್ಸ ಸಿಗ್ತದಾ? ಒಬ್ರು ಏಜೆಂಟು ಎರಡು ಲಕ್ಷ ಕೇಳ್ತಾವ್ರೆ. ಸೀಮೆಹಸು ಎರಡೂ ಮಾರಿ, ಉಳಿದಿದ್ದಕ್ಕೆ ಸಾಲ ಮಾಡೋಣ ಅಂತಿದೀನಿ."

ಅವನಿಗೆ ಆ ಯೋಚನೆ ಮೊದಲೇ ಇತ್ತೋ ಏನೋ. ಆದರೆ ನಮ್ಮ ಫೋಟೋ ಅದಕ್ಕೆ ಗಾಳಿ ಹಾಕಿತ್ತು. ಏನು ಉತ್ತರ ಕೊಡಬೇಕೆಂದು ನಾಲ್ವರಿಗೂ ತೋಚಲಿಲ್ಲ. "ನಾಳೆ ಹೇಳ್ತೀವಿ ಇರಪ್ಪ" ಅಂತ ಬರೆದು ಮಲಗಿದೆವು.

ಉತ್ತರದ ಒಂದು ತುಣುಕು ನಮಗೆ ಆ ದಿನ ಬೆಳಿಗ್ಗೆಯೇ ಕಂಡಿತ್ತು. ಏರ್‌ಪೋರ್ಟಿನಿಂದ ಟ್ಯಾಕ್ಸಿಯಲ್ಲಿ ಬರುವಾಗ ಪಕ್ಕದಲ್ಲೊಂದು ಲಾರಿ ಹೋಗುತ್ತಿತ್ತು. ಹಿಂದೆ ಸಾಮಾನು ತುಂಬುವ ಜಾಗದಲ್ಲಿ ಹತ್ತು ಹದಿನೈದು ಜನ ಕೂತಿದ್ದರು. ಕೆಲವರು ತಲೆ ಮೊಣಕಾಲಿಗೆ ಆನಿಸಿ ನಿದ್ದೆ ಹೋಗಿದ್ದರು. ನಮ್ಮಲ್ಲಿ ಕಾಫಿ ಹಣ್ಣು ಬಿಡಿಸಲಿಕ್ಕೆ, ಮದುವೆ ದಿಬ್ಬಣಕ್ಕೆ ಟೆಂಪೋದಲ್ಲಿ ಹೋಗುತ್ತಾರಲ್ಲ, ಹಾಗೆಯೇ. ಟ್ಯಾಕ್ಸಿಯ ಹಿಂದಿನ ಸೀಟಲ್ಲೂ ನಮಗೆ ಬೆಲ್ಟ್ ಹಾಕಿಸಿದ್ದ ಊರದು. ಆ ಲಾರಿಯ ಹಿಂದೆ ಕೂತವರಿಗೆ ಬೆಲ್ಟೂ ಇಲ್ಲ, ಸೀಟೂ ಇಲ್ಲ. ಕೆಲಸಗಾರರನ್ನು ಹೀಗೆ ಸಾಗಿಸಲು ಅಲ್ಲಿನ ಕಾನೂನಿನಲ್ಲಿ ಅವಕಾಶ ಇದೆ. ಇದನ್ನು ನಿಲ್ಲಿಸಿ ಎಂದು ಅಲ್ಲಿನವರೇ ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ನಾವು ಅದರ ಫೋಟೋ ತೆಗೆಯಲಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಲಿಟಲ್ ಇಂಡಿಯಾಕ್ಕೆ ಹೋದೆವು. ಮೆಟ್ರೋ ಇಳಿದು ಮೇಲೆ ಬಂದರೆ ಟೆಕ್ಕಾ ಸೆಂಟರ್. ಕೆಳಗೆ ದೋಸೆ, ಬಿರಿಯಾನಿ ಅಂಗಡಿಗಳ ಸಾಲು, ಜೊತೆಗೆ ಮೀನು, ಮಾಂಸ, ತರಕಾರಿಯ ಮಾರ್ಕೆಟ್ಟು. ಸೆರಂಗೂನ್ ರಸ್ತೆಯ ಉದ್ದಕ್ಕೂ ಮಲ್ಲಿಗೆ ಹೂವು, ಬಂಗಾರದ ಅಂಗಡಿ, ವೀರಮಾಕಾಳಿಯಮ್ಮನ ಗುಡಿ. ಬೋರ್ಡುಗಳಲ್ಲಿ ತಮಿಳು. ಇಂಗ್ಲಿಷ್, ಮಲಯ, ಚೀನಿ ಭಾಷೆಗಳ ಜೊತೆ ತಮಿಳೂ ಆ ದೇಶದ ಆಡಳಿತ ಭಾಷೆ.

ಸಂಜೆ ಆಗುತ್ತಾ ಬಂದಂತೆ ಜನ ತುಂಬತೊಡಗಿದರು. ಎಲ್ಲರೂ ಗಂಡಸರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಕೈಯಲ್ಲಿ ಫೋನು. ತಮಿಳುನಾಡಿನವರು, ಆಂಧ್ರದವರು, ಬಾಂಗ್ಲಾದೇಶದವರು. ಕಟ್ಟಡ ಕಟ್ಟುವವರು, ಹಡಗು ರಿಪೇರಿ ಮಾಡುವವರು. ವಾರಕ್ಕೊಂದು ರಜೆ ಸಿಕ್ಕರೆ ಅದು ಭಾನುವಾರ. ಆ ದಿನ ಊರಿಗೆ ದುಡ್ಡು ಕಳಿಸಲು, ತಲೆ ಕೂದಲು ತೆಗೆಸಲು, ಊರಿನವರನ್ನು ನೋಡಲು ಇಲ್ಲಿಗೆ ಬರುತ್ತಾರೆ. ಜಾಗ ಸಿಕ್ಕಲ್ಲಿ ಹುಲ್ಲಿನ ಮೇಲೆ ಕೂರುತ್ತಾರೆ. ನಮ್ಮ ಸಂತೆ ದಿನ ಆಲದ ಮರದ ಕೆಳಗೆ ಜನ ಕೂರುವ ಹಾಗೆ.

ನಮ್ಮಲ್ಲೊಬ್ಬ ಕೆಜಿಎಫ್ ಕಡೆಯವನು, ತಮಿಳು ಮನೆಮಾತು. ಹುಲ್ಲಿನ ಮೇಲೆ ಕೂತಿದ್ದ ಒಬ್ಬರ ಹತ್ತಿರ ಮಾತಿಗೆ ಕೂತ. ಅವರು ತಂಜಾವೂರು ಕಡೆಯ ರೈತರು. ಬಂದು ಆರು ವರ್ಷ. "ಎಷ್ಟು ಕೊಟ್ಟು ಬಂದ್ರಿ ಅಣ್ಣಾ?" ಅಂತ ಕೇಳಿದ್ದಕ್ಕೆ ನಕ್ಕರು. ತರಬೇತಿಗೆ, ಪರೀಕ್ಷೆಗೆ, ಏಜೆಂಟಿಗೆ ಎಲ್ಲಾ ಸೇರಿ ಮಾಡಿದ ಸಾಲ ತೀರಿಸುವುದಕ್ಕೇ ಮೊದಲ ಎರಡು ವರ್ಷದ ದುಡಿಮೆ ಹೋಯಿತಂತೆ. ಅದಾದ ಮೇಲೆ ಮಗಳನ್ನು ನರ್ಸಿಂಗ್ ಓದಿಸಿದರು. ಮನೆಗೆ ತಾರಸಿ ಹಾಕಿಸಿದರು. "ಬಂದದ್ದು ತಪ್ಪು ಅನ್ನಲ್ಲ ತಂಬಿ. ಗೊತ್ತಿಲ್ದೆ ಬಂದದ್ದು ತಪ್ಪು" ಅಂದರು. ಎಂಟು ಗಂಟೆಗೆ ಹಾಸ್ಟೆಲ್ಲಿಗೆ ಹೋಗುವ ಬಸ್ಸು ಹಿಡಿಯಬೇಕೆಂದು ಎದ್ದು ಹೋದರು.

ಅವರು ಹಾಸ್ಟೆಲ್ ಅಂದದ್ದು ಕಾರ್ಮಿಕರ ಡಾರ್ಮಿಟರಿಗೆ. ಹೆಚ್ಚಿನವು ಊರಿನ ಅಂಚಿನಲ್ಲಿವೆ, ನಮ್ಮಂಥ ಪ್ರವಾಸಿಗರು ಆ ಕಡೆ ಹೋಗುವುದೇ ಇಲ್ಲ. ಒಂದೊಂದು ಕೋಣೆಯಲ್ಲಿ ಹತ್ತಕ್ಕೂ ಹೆಚ್ಚು ಜನ, ಮೇಲೊಂದು ಕೆಳಗೊಂದು ಮಂಚ. 2020ರಲ್ಲಿ ಕೊರೊನಾ ಬಂದಾಗ ಸಿಂಗಾಪುರದ ಬಹುಪಾಲು ಸೋಂಕು ಕಂಡದ್ದು ಈ ಡಾರ್ಮಿಟರಿಗಳಲ್ಲೇ. ಅದಕ್ಕೂ ಮೊದಲು, 2013ರ ಡಿಸೆಂಬರ್ 8ರ ಭಾನುವಾರ ರಾತ್ರಿ, ಇದೇ ಲಿಟಲ್ ಇಂಡಿಯಾದಲ್ಲಿ ತಮಿಳುನಾಡಿನ ಒಬ್ಬ ಕಾರ್ಮಿಕ ಬಸ್ಸಿನ ಕೆಳಗೆ ಸಿಕ್ಕಿ ಸತ್ತಿದ್ದ. ಅದರ ಬೆನ್ನಿಗೇ ದೊಡ್ಡ ಗಲಭೆ ನಡೆದಿತ್ತು.

ಇದನ್ನೆಲ್ಲ ಹೇಳಿ ಸಿಂಗಾಪುರ ಕೆಟ್ಟ ಊರು ಅನ್ನುವುದು ನಮ್ಮ ಉದ್ದೇಶ ಅಲ್ಲ. ಅಲ್ಲಿನ ರಸ್ತೆ, ಕುಡಿಯುವ ನೀರು, ಹೊತ್ತಿಗೆ ಸರಿಯಾಗಿ ಬರುವ ಬಸ್ಸು ನೋಡಿ ನಮಗೂ ಹೊಟ್ಟೆ ಉರಿದಿದೆ. ಬೆಂಗಳೂರಿನಲ್ಲಿ ಕಟ್ಟಡ ಕಟ್ಟುವ ರಾಯಚೂರು, ಯಾದಗಿರಿಯ ನಮ್ಮವರು ತಗಡಿನ ಶೆಡ್ಡಿನಲ್ಲಿ ಹೇಗೆ ಬದುಕುತ್ತಾರೆ ಅನ್ನುವುದು ನಮಗೆ ಗೊತ್ತಿಲ್ಲದ್ದೇನಲ್ಲ. "ಅಲ್ಲಿ ಅಷ್ಟಾದ್ರೂ ದುಡ್ಡು ಸಿಗ್ತದಲ್ಲ" ಅಂತ ನೀವು ಕೇಳಬಹುದು. ಕೇಳುವುದು ಸರಿ. ದುಡ್ಡು ಸಿಗುತ್ತದೆ. ಆದರೆ ಅಲ್ಲಿ ವಿದೇಶಿ ಕಾರ್ಮಿಕರಿಗೆ ಇಷ್ಟು ಕೊಡಲೇಬೇಕು ಅನ್ನುವ ಕನಿಷ್ಠ ಕೂಲಿಯ ಕಾನೂನು ಇಲ್ಲ. ಕಾಗದದಲ್ಲಿ ಎಷ್ಟು ಬರೆದಿದೆಯೋ ಅಷ್ಟೇ. ಆ ಕಾಗದ ನೋಡದೆ ಹೊರಟವರು ಸಾಲಕ್ಕೆ ದುಡಿಯುತ್ತಾರೆ.

ನಮ್ಮ ಅಭಿಪ್ರಾಯ ಇಷ್ಟೇ. ಈಗ ಹಳ್ಳಿಯಿಂದ ಓದಿ ಪೇಟೆಯಲ್ಲಿ ಕೆಲಸ ಹಿಡಿದ ನಮ್ಮಂಥವರು ಗೆಳೆಯರ ಜೊತೆ ಎರಡು ದಿನಕ್ಕೆ ದುಬೈಗೆ, ಬ್ಯಾಂಕಾಕಿಗೆ, ಕೊಲಂಬೊಗೆ ಹೋಗಿ ಬರುವುದು ಸಾಮಾನ್ಯವಾಗಿದೆ. ಹೋಗಿ, ಸಂತೋಷ. ಆದರೆ ಊರಿನ ಗುಂಪಿಗೆ ಫೋಟೋ ಹಾಕುವ ಮುಂಚೆ ಅದನ್ನು ಯಾರು ನೋಡುತ್ತಾರೆ ಅಂತ ಯೋಚಿಸಿ. ನೋಡುವವನು ಪಿಯುಸಿ ಫೇಲಾಗಿ ಕೆಲಸ ಹುಡುಕುತ್ತಿರುವ ಹುಡುಗ. ನೀವು ಹೋದ ಸಿಂಗಾಪುರ, ಅವನು ಹೋಗಬಹುದಾದ ಸಿಂಗಾಪುರ ಬೇರೆ ಬೇರೆ. ನೀವು ಹೋಟೆಲಿನ ಬಾಗಿಲಲ್ಲಿ ಇಳಿಯುತ್ತೀರಿ, ಅವನು ಲಾರಿಯ ಹಿಂದೆ ಹತ್ತುತ್ತಾನೆ. ಎರಡನ್ನೂ ತೋರಿಸುವುದು ಹೋಗಿ ಬಂದವರ ಜವಾಬ್ದಾರಿ. ಭಾನುವಾರ ಒಂದು ಗಂಟೆ ಶಾಪಿಂಗ್ ಬಿಟ್ಟು, ನಮ್ಮ ಕಡೆಯಿಂದ ದುಡಿಯಲು ಹೋದವರು ಎಲ್ಲಿ ಸೇರುತ್ತಾರೋ ಅಲ್ಲಿ ಹೋಗಿ ಕೂತು ಮಾತಾಡಿ. ಎಷ್ಟು ಕೊಟ್ಟು ಬಂದಿರಿ, ಕೈಗೆ ಎಷ್ಟು ಸಿಗುತ್ತದೆ, ಸಾಲ ತೀರಿತೇ ಎಂದು ಕೇಳಿ. ಅದನ್ನೂ ಗುಂಪಿಗೆ ಹಾಕಿ.

ಆ ಹುಡುಗನಿಗೆ ನಾವು ಊರಿಗೆ ಬಂದ ಮೇಲೆ ಮನೆಗೇ ಹೋಗಿ ಹೇಳಿದ್ದು ಇದು, ನಿಮಗೂ ಉಪಯೋಗಕ್ಕೆ ಬಂದೀತು:

ಪ್ರವಾಸಿ ವೀಸಾದಲ್ಲಿ ಕಳಿಸುತ್ತೇನೆ, ಹೋದ ಮೇಲೆ ಕೆಲಸದ ವೀಸಾ ಮಾಡಿಸಿಕೊಡುತ್ತೇನೆ ಅನ್ನುವ ಏಜೆಂಟನ್ನು ನಂಬಬೇಡ. ಪ್ರವಾಸಿ ವೀಸಾದಲ್ಲಿ ದುಡಿಯುವುದು ಅಪರಾಧ. ಸಿಕ್ಕಿಬಿದ್ದರೆ ಶಿಕ್ಷೆ ನಿನಗೆ.

ಸಿಂಗಾಪುರಕ್ಕೆ ಕೆಲಸಕ್ಕೆ ಹೋಗುವವರಿಗೆ ಹೊರಡುವ ಮೊದಲೇ ಐಪಿಎ ಎಂಬ ಮಂಜೂರಾತಿ ಪತ್ರ ಬರಬೇಕು. ಮೂಲ ಸಂಬಳ ಎಷ್ಟು, ಊಟ ವಸತಿಗೆ ಎಷ್ಟು ಹಿಡಿಯುತ್ತಾರೆ ಅನ್ನುವುದು ಅದರಲ್ಲಿರುತ್ತದೆ. ಆ ಪತ್ರ ಕೈಗೆ ಬಾರದೆ, ಓದಿಸಿ ಕೇಳದೆ ದುಡ್ಡು ಕೊಡಬೇಡ.

ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟು 1983ರ ವಲಸೆ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದಲ್ಲಿ ನೋಂದಣಿ ಆಗಿರಬೇಕು. ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತದೆ. ಅಂಥವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೂ ರಸೀದಿ ಕೊಡಬೇಕು.

ಕೇಳಿ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವರಮ್ಮ ಕೊಟ್ಟಿಗೆಯಿಂದಲೇ "ಎರಡು ಲಕ್ಷ ಯಾತಕ್ಕೆ ಅಂತ ರಸೀತಿ ಕೇಳು ಮೊದ್ಲು" ಅಂದರು. ಮಾರನೇ ದಿನ ಅವನು ಏಜೆಂಟಿಗೆ ಫೋನ್ ಮಾಡಿ ನೋಂದಣಿ ನಂಬರು ಕೇಳಿದ್ದಾನೆ. ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ ಅನ್ನುತ್ತಿದ್ದಾರಂತೆ. ಹಸು ಎರಡೂ ಕೊಟ್ಟಿಗೆಯಲ್ಲೇ ಇವೆ.