ಮರುಕ ಸಾಲದು, ಉಬ್ಬು ಬೇಕು

ಮುಂದಿನ ವಾಹನಕ್ಕೆ ಸಿಕ್ಕ ಕಡವೆ ಒದ್ದಾಡಿ ಸಾಯುವುದನ್ನು ಕಂಡ ಚಾಲಕ ಅಂದು ನಿಧಾನವಾಗಿಯೇ ಮನೆ ಸೇರುತ್ತಾನೆ. ವಾರ ಕಳೆದರೆ ಮತ್ತೆ ಅದೇ ಅವಸರ. ಮರುಕಕ್ಕೆ ಆಯುಸ್ಸು ಕಡಿಮೆ.

ಗಂಟೆಗೆ 80 ಕಿ.ಮೀ. ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ವೇಗ 40ಕ್ಕೆ ಇಳಿದರೆ, ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಕಡವೆಯ ಜೀವ ಉಳಿಯುವುದು ಆ ಅಂತರದಲ್ಲಿ.

ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿರ್ಬಂಧವನ್ನು 2010ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಊರೂರು ಬೆಸೆಯುವ ಮಲೆನಾಡಿನ ರಸ್ತೆಗಳನ್ನೆಲ್ಲ ಹಾಗೆ ಮುಚ್ಚಲಾಗದು. ಆದರೆ ಕಾಡುಪ್ರಾಣಿಗಳು ದಾಟುವ ಕಡೆ ರಸ್ತೆ ಉಬ್ಬು, ಎಚ್ಚರಿಕೆ ಫಲಕಗಳಿಗಾಗಿ ಗ್ರಾಮಸಭೆಗಳು ನಿರ್ಣಯ ಮಾಡಬಹುದು. ಉಬ್ಬು, ಮರುಕವಿಲ್ಲದವನನ್ನೂ ನಿಧಾನಿಸುತ್ತದೆ.