ರೇಡಿಯೇಷನ್ ವೇಳೆ ಸೊಪ್ಪು, ಕಾಳು ಬಿಡಬೇಕೇ? ಹಳೆಯ ಪಥ್ಯಕ್ಕೆ ಸಿಗದ ಪುರಾವೆ

ಗರ್ಭಕಂಠ, ಪ್ರಾಸ್ಟೇಟ್ ಅಥವಾ ಗುದನಾಳದ ಕ್ಯಾನ್ಸರ್‌ಗೆ ರೇಡಿಯೇಷನ್ ಶುರುವಾದರೆ ಮನೆಯ ಅಡುಗೆಯೂ ಬದಲಾಗುತ್ತದೆ. ಸೊಪ್ಪು ಬೇಡ, ಕಾಳು ಬೇಡ, ರಾಗಿ ಬೇಡ; ಬಿಳಿ ಅನ್ನ, ಮಜ್ಜಿಗೆ ಸಾಕು. ಕಿಬ್ಬೊಟ್ಟೆಗೆ ಕೊಡುವ ವಿಕಿರಣ ಕರುಳಿನ ಒಳಪದರಕ್ಕೂ ತಾಗಿ ಭೇದಿ, ಹೊಟ್ಟೆನೋವು ತರುತ್ತದೆ. ನಾರಿನಂಶ ತಿಂದರೆ ಅದು ಹೆಚ್ಚುತ್ತದೆ ಎಂಬ ನಂಬಿಕೆ ಹಳೆಯದು.

ಆದರೆ ಪರೀಕ್ಷಿಸಿ ನೋಡಿದಾಗ ಸಿಕ್ಕ ಉತ್ತರ ಬೇರೆ. ಲಂಡನ್ನಿನ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯ ತಂಡ 166 ರೋಗಿಗಳನ್ನು ಮೂರು ಗುಂಪು ಮಾಡಿತು. ಒಂದಕ್ಕೆ ದಿನಕ್ಕೆ 10 ಗ್ರಾಂ ಮೀರದಷ್ಟು ನಾರು, ಇನ್ನೊಂದಕ್ಕೆ 18 ಗ್ರಾಂ ಅಥವಾ ಹೆಚ್ಚು, ಮೂರನೆಯದಕ್ಕೆ ರೂಢಿಯ ಊಟ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕರುಳಿನ ಆರೋಗ್ಯ ಅಳೆಯುವ ಅಂಕ ಚಿಕಿತ್ಸೆ ಮುಗಿಯುವ ಹೊತ್ತಿಗೆ ರೂಢಿಯ ಊಟದವರಲ್ಲಿ ಸರಾಸರಿ 11ರಷ್ಟು ಕುಸಿದಿತ್ತು. ಹೆಚ್ಚು ನಾರು ತಿಂದವರಲ್ಲಿ 4ಕ್ಕಿಂತ ಕಡಿಮೆ. ಒಂದು ವರ್ಷದ ನಂತರ ನಾರಿನ ಗುಂಪು ಮೊದಲಿನ ಸ್ಥಿತಿಗೆ ಮರಳಿತ್ತು, ರೂಢಿಯ ಊಟದವರು ಇನ್ನೂ 8 ಅಂಕ ಹಿಂದಿದ್ದರು. ಕ್ಯಾನ್ಸರ್ ಗುಣವಾದ ಮೇಲೂ ಲೋಕಲ್ ರೈಲು ಹತ್ತುವ ಮುನ್ನ ಶೌಚಾಲಯ ಎಲ್ಲಿದೆ ಎಂದು ಯೋಚಿಸುವವರಿಗೆ ಈ ಅಂತರ ಚಿಕ್ಕದಲ್ಲ.

ಹಾಗೆಂದು ಇದು ರಾಮಬಾಣವೂ ಅಲ್ಲ. ತೊಂದರೆ ಉಲ್ಬಣಿಸಿದ ಘಟ್ಟದಲ್ಲಿ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಮುಖ್ಯವಾಗಿ ಅಳೆಯಲು ಹೊರಟಿದ್ದು ಅದನ್ನೇ. ಕರುಳಿನ ಬ್ಯಾಕ್ಟೀರಿಯಾ ನಾರನ್ನು ಹುದುಗಿಸಿ ತಯಾರಿಸುವ ಬ್ಯುಟಿರೇಟ್‌ನಂಥ ಕೊಬ್ಬಿನಾಮ್ಲಗಳು ಒಳಪದರದ ಜೀವಕೋಶಗಳಿಗೆ ಆಹಾರ ಎಂಬುದು ಗೊತ್ತಿರುವ ವಿಷಯ. ಲಾಭಕ್ಕೆ ಅದೇ ಕಾರಣವಿರಬಹುದು ಎಂಬ ಊಹೆಯೂ ಇದೆ. ಆದರೆ ಈ ರೋಗಿಗಳ ಮಲದಲ್ಲಿ ಆ ಆಮ್ಲಗಳ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಇಷ್ಟಾದರೂ, ಪುರಾವೆಯಿಲ್ಲದೆ ನಾರು ಬಿಡಿಸುವ ಸಲಹೆ ನಿಲ್ಲಬೇಕು ಎಂಬುದು ಸಂಶೋಧಕರ ಸ್ಪಷ್ಟ ಮಾತು.

ಭಾರತದ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಹೆಚ್ಚು. ರೇಡಿಯೇಷನ್ ಅದರ ಪ್ರಮುಖ ಚಿಕಿತ್ಸೆ. ಬೇಳೆ, ತರಕಾರಿ, ಮುದ್ದೆಯಿಂದಲೇ ಹೊಟ್ಟೆ ತುಂಬುವ ಮನೆಯಲ್ಲಿ ಇವೆಲ್ಲ ನಿಂತರೆ ನಾರಿನ ಜತೆ ಪ್ರೊಟೀನ್ ಕೂಡ ಹೋಗುತ್ತದೆ, ತೂಕ ಇಳಿಯುತ್ತದೆ. ಲಂಡನ್ನಿನಲ್ಲಿ ಪ್ರತಿ ರೋಗಿಗೂ ಆಹಾರ ತಜ್ಞರ ಸಲಹೆ ಇತ್ತು ಎಂಬುದನ್ನು ಮರೆಯುವಂತಿಲ್ಲ. ಕರುಳು ಕಿರಿದಾದವರು, ಹೊಟ್ಟೆಗೆ ಸ್ಟೋಮಾ ಚೀಲ ಹಾಕಿಸಿಕೊಂಡವರು, ತೀವ್ರ ಭೇದಿಯಿಂದ ಬಳಲುತ್ತಿರುವವರು ತಾವಾಗಿಯೇ ನಾರು ಹೆಚ್ಚಿಸಬಾರದು. ಉಳಿದವರು ಮೊದಲ ಸಿಟ್ಟಿಂಗ್‌ಗೆ ಮುನ್ನವೇ ವೈದ್ಯರನ್ನೋ ಡಯಟಿಷಿಯನ್ ಅವರನ್ನೋ ಕೇಳಬಹುದು: ಸೊಪ್ಪು, ಕಾಳು ನಿಜಕ್ಕೂ ಬಿಡಬೇಕೇ, ಬಿಡುವುದಾದರೆ ಎಷ್ಟು ದಿನ?